ಕತ್ತಲೆ ಮಾಡಿಕೊಟ್ಟವರಿಗೆ

ಶನಿವಾರ ನಮ್ಮ ನೂರನೇ ಚಿತ್ರ ಪ್ರದರ್ಶನ ಮುಗಿಯಿತು. ಕೊನೆಯ ಕುರ್ಚಿ ಮಡಚಿಟ್ಟು, ಪರದೆ ಸುತ್ತಿ, ಕೇಬಲ್‌ಗಳನ್ನು ಚೀಲಕ್ಕೆ ತುಂಬುವಾಗ ಯಾರೋ ‘ಎರಡು ಮಾತಾಡಿ’ ಅಂದರು. ನನಗೆ ಗಂಟಲು ಕಟ್ಟಿತು. ‘ಎಲ್ಲರಿಗೂ ಥ್ಯಾಂಕ್ಸ್’ ಎಂದು ಹೇಳಿ ಕೂತುಬಿಟ್ಟೆ. ಎಲ್ಲರಿಗೂ ಅಂದರೆ ಯಾರಿಗೂ ಸೇರದ ಥ್ಯಾಂಕ್ಸ್ ಅದು ಎಂದು ಮನೆಗೆ ಬಂದ ಮೇಲೆ ಅನ್ನಿಸಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ನಮ್ಮ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಈ ಕಾಲದ ಕಲಾವಿದರ ಕೆಲಸದ ಬಗ್ಗೆ ಬಂದ ಸಾಕ್ಷ್ಯಚಿತ್ರಗಳನ್ನು ಹುಡುಕಿ, ಕನ್ನಡ ಸಬ್‌ಟೈಟಲ್ ಹಾಕಿ, ತಿಂಗಳಿಗೊಂದರಂತೆ ತೋರಿಸುತ್ತೇವೆ. ನೋಡಿದ ಮೇಲೆ ಕೂತು ಮಾತಾಡುತ್ತೇವೆ. ಶಾಲೆಯ ಮಕ್ಕಳಿಗೆ ಬೇರೆ ಕಾರ್ಯಾಗಾರ ಇರುತ್ತದೆ. ಟಿಕೆಟ್ ಇಲ್ಲ. ಹೀಗೆ ನೂರು ಮುಟ್ಟಲು 9 ವರ್ಷ ಹಿಡಿಯಿತು. ನಡುವೆ 8 ತಿಂಗಳು ಏನೂ ನಡೆಯಲಿಲ್ಲ. ಆ 8 ತಿಂಗಳ ಲೆಕ್ಕ ತೀರಿಸುವುದಕ್ಕೇ ಈ ಬರಹ ಎಂದುಕೊಳ್ಳಿ.

ನಾವು ಪ್ರದರ್ಶನ ಮಾಡುತ್ತಿದ್ದ ಸಭಾಂಗಣದವರು ಒಂದು ದಿನ ‘ಮುಂದಿನ ತಿಂಗಳಿಂದ ಆಗಲ್ಲ’ ಅಂದರು. ಕಾರಣ ಕೇಳಿದರೆ ನೆಟ್ಟಗೆ ಹೇಳಲಿಲ್ಲ. ಅದೇ ವಾರ ನಮ್ಮ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಚಿತ್ರಗಳು ಹೋದರೆ ಮತ್ತೆ ಕೇಳಿ ತರಿಸಬಹುದು. ಆದರೆ ಅದರಲ್ಲಿ ನಮ್ಮ 14 ಚಿತ್ರಗಳ ಕನ್ನಡ ಸಬ್‌ಟೈಟಲ್ ಇತ್ತು. ಒಂದೊಂದೂ ಎರಡು ಮೂರು ವಾರದ ಕೆಲಸ. ನಾನು ಆವತ್ತು ‘ಸಾಕು, ಇಲ್ಲಿಗೆ ಬಿಡೋಣ’ ಎಂದು ಗುಂಪಿಗೆ ಮೆಸೇಜ್ ಹಾಕಿದೆ. ಸುಳ್ಳು ಹೇಳಲ್ಲ, ಹಾಕಿದ ಮೇಲೆ ಒಂಥರಾ ಹಗುರವೂ ಆಯಿತು.

ಮೊದಲ ಕೃತಜ್ಞತೆ, ಆ ಮೆಸೇಜಿಗೆ ಉತ್ತರವನ್ನೇ ಕೊಡದ ಹುಡುಗಿಗೆ. ಅವಳು ಸುಮ್ಮನೆ ತನ್ನ ಹಳೆಯ ಮೇಲ್‌ಗಳನ್ನು ಒಂದೊಂದಾಗಿ ತೆರೆದು ನೋಡುತ್ತಾ ಕೂತಳು. ಸಬ್‌ಟೈಟಲ್ ಫೈಲ್ ಅಂದರೆ ಬರೀ ಅಕ್ಷರ ಮತ್ತು ಸಮಯ. ಒಂದು ಗಂಟೆಯ ಚಿತ್ರದ್ದೂ ಒಂದು ಫೋಟೋಗಿಂತ ಚಿಕ್ಕದಿರುತ್ತದೆ. ಅದಕ್ಕೇ ತಿದ್ದಲು ನಾವು ಅದನ್ನು ಮೇಲ್‌ನಲ್ಲೇ ಅತ್ತಿತ್ತ ಕಳಿಸುತ್ತಿದ್ದೆವು. 14ರಲ್ಲಿ 11 ಸಿಕ್ಕವು. ಉಳಿದ 3 ಚಿತ್ರಗಳಿಗೆ ಅವಳೂ ಇನ್ನಿಬ್ಬರೂ ಸೇರಿ ಹೊಸದಾಗಿ ಬರೆದರು. ಹಳೆಯದಕ್ಕಿಂತ ಅದೇ ಚೆನ್ನಾಗಿದೆ, ಅದು ಬೇರೆ ವಿಷಯ.

ಸಬ್‌ಟೈಟಲ್ ಬರೆಯುವವರ ಕಷ್ಟ ಹೇಳಲೇಬೇಕು, ಯಾಕೆಂದರೆ ಅವರ ಹೆಸರನ್ನು ಯಾರೂ ಓದುವುದಿಲ್ಲ. ಪರದೆಯ ಮೇಲೆ ಎರಡು ಸಾಲಿಗಿಂತ ಜಾಸ್ತಿ ಇಡುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಕಲಾವಿದೆ ‘ಎಸೆದೆ’ ಎನ್ನುವುದು ಮೊದಲೇ ಬರುತ್ತದೆ, ಏನನ್ನು, ಯಾಕೆ ಎಂಬುದು ಆಮೇಲೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಹಾಗಾಗಿ ಅವಳ ಕೈ ಕಾಗದವನ್ನು ಎಸೆದಾಗಿರುತ್ತದೆ, ನಮ್ಮ ಸಾಲು ಇನ್ನೂ ‘ಮೂರು ತಿಂಗಳಿಂದ ಬಿಡಿಸುತ್ತಿದ್ದ’ ಎನ್ನುವಲ್ಲೇ ಇರುತ್ತದೆ. ವಾಕ್ಯವನ್ನೇ ಮುರಿದು ಕಟ್ಟಬೇಕು. ಕಲಾವಿದರು ತಾವು ಮಾಡುತ್ತಾ ಬಂದ ಒಟ್ಟು ಕೆಲಸಕ್ಕೆ ಹೇಳುವ ‘ಪ್ರಾಕ್ಟೀಸ್’ ಎಂಬ ಪದದ ಮೇಲೆ ನಾವು ಒಂದಿಡೀ ಸಂಜೆ ಜಗಳವಾಡಿದ್ದೇವೆ. ಅಭ್ಯಾಸ ಅಂದರೆ ಇನ್ನೂ ಕಲಿಯುತ್ತಿದ್ದಾರೆ ಅನ್ನಿಸುತ್ತದೆ. ಸಾಧನೆ ಅಂದರೆ ಸನ್ಮಾನ ಪತ್ರದ ಹಾಗೆ ಕೇಳುತ್ತದೆ. ಕೊನೆಗೆ ‘ಕೆಲಸ’ ಎಂದು ಇಟ್ಟೆವು. ಅದೇ ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎರಡನೆಯದು ಜಾಗದ ಮಾತು. 8 ತಿಂಗಳ ನಂತರ ಒಬ್ಬ ಮೇಷ್ಟ್ರು ತಮ್ಮ ಶಾಲೆಯ ದೊಡ್ಡ ಕೋಣೆಯನ್ನು ಬಿಟ್ಟುಕೊಟ್ಟರು. ಒಳ್ಳೆಯ ಕೋಣೆ, ಮೂರು ಕಡೆ ಕಿಟಕಿ. ತೊಂದರೆಯೇ ಅದು. ಪ್ರೊಜೆಕ್ಟರ್ ಬೆಳಕನ್ನು ಎಸೆಯಬಲ್ಲದು, ಕಪ್ಪನ್ನು ಎಸೆಯಲಾರದು. ಪರದೆಯ ಮೇಲೆ ನಾವು ಕಾಣುವ ಕಪ್ಪು ಆ ಕೋಣೆಯ ಕತ್ತಲೆಯೇ. ಕೋಣೆ ಎಷ್ಟು ಕತ್ತಲಾಗಿದೆಯೋ ಚಿತ್ರದ ಕಪ್ಪು ಅಷ್ಟೇ ಕಪ್ಪು.

ನಾವು ಅಲ್ಲಿ ಮೊದಲು ತೋರಿಸಿದ್ದು ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಅವರ ಕೆಲಸದ ಬಗ್ಗೆ. ಅವರದ್ದು ಇದ್ದಿಲಿನ ಚಿತ್ರ. 1989ರಿಂದ ಅವರು ಒಂದು ವಿಚಿತ್ರ ರೀತಿಯಲ್ಲಿ ಅನಿಮೇಶನ್ ಮಾಡುತ್ತಾ ಬಂದಿದ್ದಾರೆ. ಪ್ರತಿ ಚಲನೆಗೂ ಹೊಸ ಹಾಳೆ ತೆಗೆದುಕೊಳ್ಳುವುದಿಲ್ಲ. ಒಂದೇ ಹಾಳೆಯ ಮೇಲೆ ಬರೆಯುತ್ತಾರೆ, ನಡೆದು ಹೋಗಿ ಕ್ಯಾಮೆರಾದಲ್ಲಿ ಒಂದೆರಡು ಫ್ರೇಮ್ ತೆಗೆಯುತ್ತಾರೆ, ವಾಪಸ್ ಬಂದು ಸ್ವಲ್ಪ ಅಳಿಸಿ ಮತ್ತೆ ಬರೆಯುತ್ತಾರೆ. ಇದ್ದಿಲು ಪೂರ್ತಿ ಅಳಿಯುವುದಿಲ್ಲ. ನಡೆದು ಹೋದ ಮನುಷ್ಯನ ಹಿಂದೆ ಬೂದು ಕಲೆ ಹಾಗೇ ಉಳಿದಿರುತ್ತದೆ. ಆ ಕಲೆಯೇ ಅವರ ಚಿತ್ರದ ಜೀವ. ನಮ್ಮ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಇದ್ದಿಲೂ ಬೂದು, ಕಲೆಯೂ ಬೂದು, ಗೋಡೆಯೂ ಬೂದು. ಯಾರಿಗೂ ಏನೂ ಕಾಣಲಿಲ್ಲ. ನನಗೆ ಅಳು ಬರುವುದೊಂದು ಬಾಕಿ.

ಮುಂದಿನ ತಿಂಗಳು ನಾನು ಹೋಗುವಷ್ಟರಲ್ಲಿ ಅಷ್ಟೂ ಕಿಟಕಿಗೆ ಕಪ್ಪು ಕಾಗದ ಅಂಟಿತ್ತು. ಸಂದುಗಳಿಗೂ ಟೇಪ್ ಹಾಕಿತ್ತು. ಅಂಟಿಸಿದ್ದು ಯಾರೆಂದು ಆಮೇಲೆ ಹೇಳುತ್ತೇನೆ.

ಕಲಾವಿದರಿಗೂ ಒಂದು ಮಾತು. ಅವರಲ್ಲಿ ಹೆಚ್ಚಿನವರು ಇದನ್ನು ಓದುವುದಿಲ್ಲ, ಇರಲಿ. ಕೆಲಸ ಕೆಡುತ್ತಿರುವಾಗ ಕ್ಯಾಮೆರಾವನ್ನು ಒಳಗೆ ಬಿಟ್ಟುಕೊಳ್ಳುವುದು ಸುಲಭವಲ್ಲ. 1950ರಲ್ಲಿ ಹಾನ್ಸ್ ನಮುತ್ ಎಂಬ ಛಾಯಾಗ್ರಾಹಕ, ಬಣ್ಣ ಚೆಲ್ಲಿ ಚಿತ್ರ ಮಾಡುತ್ತಿದ್ದ ಅಮೆರಿಕದ ಕಲಾವಿದ ಜಾಕ್ಸನ್ ಪೊಲಾಕ್ ಚಿತ್ರ ಬಿಡಿಸುವುದನ್ನು ಚಿತ್ರೀಕರಿಸಿದರು. ಗಾಜಿನ ಮೇಲೆ ಬಣ್ಣ ಚೆಲ್ಲಲು ಹೇಳಿ, ತಾವು ಕೆಳಗಿನಿಂದ ಕ್ಯಾಮೆರಾ ಹಿಡಿದರು. ಬಣ್ಣ ನಮ್ಮ ಮುಖದ ಮೇಲೇ ಬಿದ್ದ ಹಾಗೆ ಕಾಣುತ್ತದೆ, ಅದ್ಭುತ. ಆದರೆ ನಿಲ್ಲು, ಮತ್ತೆ ಶುರು ಮಾಡು ಎಂಬ ಆ ವಾರಗಳು ಪೊಲಾಕ್‌ಗೆ ಹಿಂಸೆಯಾಗಿದ್ದವು. ಎರಡು ವರ್ಷ ಬಿಟ್ಟಿದ್ದ ಕುಡಿತವನ್ನು ಚಿತ್ರೀಕರಣ ಮುಗಿದ ದಿನವೇ ಮತ್ತೆ ಹಿಡಿದರು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ನಾವು ಆರಾಮಾಗಿ ಕೂತು ನೋಡುವ ಚಿತ್ರದ ಹಿಂದೆ ಇಂಥದ್ದೂ ಇರುತ್ತದೆ. ಅದಕ್ಕೇ ಸ್ಟುಡಿಯೋದ ಬಾಗಿಲು ತೆರೆದ ಪ್ರತಿಯೊಬ್ಬರಿಗೂ ನನ್ನ ನಮಸ್ಕಾರ.

ಪ್ರದರ್ಶನದ ಹಕ್ಕು ಕೊಟ್ಟವರಿಗೂ ನಮಸ್ಕಾರ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ ಎಂದ ಮಾತ್ರಕ್ಕೆ ನಾಲ್ಕು ಜನರನ್ನು ಕೂರಿಸಿ ತೋರಿಸಬಹುದು ಎಂದಲ್ಲ. ಸಾರ್ವಜನಿಕವಾಗಿ ತೋರಿಸಲು ಬೇರೆಯೇ ಅನುಮತಿ ಬೇಕು. ಮೊದಲ ವರ್ಷ ನಮಗೇ ಇದು ಗೊತ್ತಿರಲಿಲ್ಲ, ನಾಚಿಕೆಯಾಗುತ್ತದೆ. ಆಮೇಲೆ ಒಂದೊಂದು ಚಿತ್ರಕ್ಕೂ ಪತ್ರ ಬರೆದೆವು. ಕೆಲವರು ಹಣ ಕೇಳಿದರು, ಕೆಲವರು ‘ಕನ್ನಡ ಸಬ್‌ಟೈಟಲ್ ನಮಗೂ ಒಂದು ಪ್ರತಿ ಕಳಿಸಿ’ ಎಂದಷ್ಟೇ ಕೇಳಿದರು. ಕಲಿಯುವುದಕ್ಕೆ ದಾರಿ ತೋರಿದ್ದು ಆರ್ಟ್21 ಎಂಬ ನ್ಯೂಯಾರ್ಕಿನ ಸಂಸ್ಥೆ. ಸುಸಾನ್ ಸಾಲಿನ್ಸ್ ಅದನ್ನು 1997ರಲ್ಲಿ ಕಟ್ಟಿದರು. 2001ರಲ್ಲಿ ಅಮೆರಿಕದ ಪಿಬಿಎಸ್ ವಾಹಿನಿಯಲ್ಲಿ ಕಲಾವಿದರ ಬಗೆಗಿನ ಅವರ ಸಾಕ್ಷ್ಯಚಿತ್ರ ಸರಣಿ ಶುರುವಾಯಿತು. ನಿರೂಪಕ ಮಧ್ಯೆ ಬಂದು ವಿವರಿಸದೆ ಕಲಾವಿದರೇ ತಮ್ಮ ಕೆಲಸದ ಬಗ್ಗೆ ಮಾತಾಡಬೇಕು, ಜೊತೆಗೆ ಶಿಕ್ಷಕರಿಗೆಂದೇ ಕೈಪಿಡಿ ಇರಬೇಕು ಎಂಬುದನ್ನು ನಾವು ಅವರನ್ನು ನೋಡಿಯೇ ಕಲಿತದ್ದು.

ಮಕ್ಕಳ ಕಾರ್ಯಾಗಾರಕ್ಕೆ ಮಾತ್ರ ಬೇರೆಡೆಯಿಂದ ಸಹಾಯ ಸಿಕ್ಕಿತು. ಅಬಿಗೈಲ್ ಹೌಸನ್ ಮತ್ತು ಫಿಲಿಪ್ ಯೆನವೈನ್ ರೂಪಿಸಿದ, ಚಿತ್ರ ನೋಡಿ ಮಾತಾಡುವುದನ್ನು ಕಲಿಸುವ ಒಂದು ಪದ್ಧತಿ ಇದೆ. ಅದರಲ್ಲಿ ಶಿಕ್ಷಕರು ಕೇಳುವುದು ಮೂರೇ ಪ್ರಶ್ನೆ. ಇಲ್ಲಿ ಏನು ನಡೀತಿದೆ? ಏನನ್ನು ನೋಡಿ ಹಾಗೆ ಹೇಳಿದೆ? ಇನ್ನೇನು ಕಾಣುತ್ತೆ? ಅಷ್ಟೇ. ಉತ್ತರ ಸರಿ ಎಂದೂ ಹೇಳಬಾರದು, ತಪ್ಪು ಎಂದೂ ಹೇಳಬಾರದು. ಕೇಳಲು ಸುಲಭ, ಮಾಡಲು ಕಷ್ಟ. ಬಾಯಿ ಮುಚ್ಚಿಕೊಂಡಿರಲು ನನಗೆ ಎರಡು ವರ್ಷ ಬೇಕಾಯಿತು. ಮೇಷ್ಟ್ರು ಮೊದಲ ದಿನವೇ ಕಲಿತರು.

ಕೆಂಟ್ರಿಜ್ ಚಿತ್ರವನ್ನು ಸರಿಯಾದ ಕತ್ತಲಲ್ಲಿ ಮತ್ತೆ ತೋರಿಸಿದ ಮೇಲೆ ಮಕ್ಕಳು ಇದ್ದಿಲು ಹಿಡಿದು ಕೂತರು. ಒಂದು ಮೊಬೈಲ್, ಒಂದು ಸ್ಟ್ಯಾಂಡ್. ಸೆಕೆಂಡಿಗೆ 12 ಚಿತ್ರ ಎಂದು ಲೆಕ್ಕ ಹಾಕಿದೆವು. 10 ಸೆಕೆಂಡಿಗೆ 120. ‘ಬರೀ ಹತ್ತು ಸೆಕೆಂಡಿಗಾ!’ ಎಂದು ಒಬ್ಬ ತಲೆ ಮೇಲೆ ಕೈ ಇಟ್ಟುಕೊಂಡ. ಒಬ್ಬಳು ಹುಡುಗಿ ಮರವೊಂದನ್ನು ಬರೆದು ಅಳಿಸಿ, ಬರೆದು ಅಳಿಸಿ, 70ನೇ ಫ್ರೇಮ್ ಹೊತ್ತಿಗೆ ಕಾಗದವೇ ಹರಿದುಹೋಯಿತು. ನಾವು ಹೊಸ ಹಾಳೆ ಕೊಡಲು ಹೋದೆವು. ಬೇಡ ಅಂದಳು. ಹರಿದದ್ದನ್ನೂ ಫೋಟೋ ತೆಗೆದಳು. ಅವಳ ಚಿತ್ರದಲ್ಲಿ ಮರದ ನಡುವೆ ಒಂದು ತೂತು ಬೀಳುತ್ತದೆ, ಹಿಂದಿನ ಮೇಜು ಕಾಣುತ್ತದೆ. ನಾನು ನೋಡಿದ ನೂರು ಪ್ರದರ್ಶನದಲ್ಲಿ ಆ ಆರು ಸೆಕೆಂಡು ಮರೆಯಲಾರೆ.

ಇನ್ನೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಚಿತ್ರಕಲಾವಿದ ಬಿನೋದ್ ಬಿಹಾರಿ ಮುಖರ್ಜಿ ಬಗ್ಗೆ ಅವರ ಶಿಷ್ಯ ಸತ್ಯಜಿತ್ ರೇ 1972ರಲ್ಲಿ ಮಾಡಿದ ಪುಟ್ಟ ಸಾಕ್ಷ್ಯಚಿತ್ರ ತೋರಿಸಿದ್ದೆವು. ‘ಈ ಕಾಲದ’ ಎಂಬ ನಮ್ಮ ನಿಯಮಕ್ಕೆ ಅದು ಹೊಂದುವುದಿಲ್ಲ, ಆದರೂ ನನ್ನ ಹಟ. ದೃಷ್ಟಿ ಪೂರ್ತಿ ಹೋದ ಮೇಲೂ ಬಿನೋದ್ ಬಿಹಾರಿ ಕಾಗದ ಕತ್ತರಿಸಿ ಅಂಟಿಸಿ, ಭಿತ್ತಿಚಿತ್ರ ಮಾಡಿ ಕೆಲಸ ಮುಂದುವರಿಸಿದವರು. ಆವತ್ತು ಕಣ್ಣು ಕಾಣದ ಒಬ್ಬರು ಬಂದಿದ್ದರು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ಚಿತ್ರದುದ್ದಕ್ಕೂ ಅವರ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದರು. ‘ಈಗ ಬೆರಳಿನಿಂದ ಅಂಚು ಮುಟ್ಟಿ ನೋಡ್ತಿದ್ದಾರೆ. ಈಗ ಕತ್ತರಿ.’ ನಾವು ಯೋಚಿಸಿಯೇ ಇರದ ಕೆಲಸ ಅದು. ಅಂದಿನಿಂದ ಪ್ರತಿ ಪ್ರದರ್ಶನಕ್ಕೂ ಹಿಂದಿನ ಸಾಲಿನಲ್ಲಿ ಹೀಗೆ ಹೇಳುವವರು ಒಬ್ಬರಿರುತ್ತಾರೆ. ಆಕೆ ಆಮೇಲೆ ಬರಲಿಲ್ಲ. ಎಲ್ಲೇ ಇದ್ದರೂ, ಮೇಡಂ, ಇದು ನಿಮಗೆ.

ಇನ್ನು ಕಿಟಕಿಯ ವಿಷಯ.

ಮೊದಲ ಪ್ರದರ್ಶನದಿಂದಲೂ ಒಬ್ಬ ಹಿರಿಯರು ಬರುತ್ತಾರೆ. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಅವತ್ತೇ ಎದ್ದು ನಿಂತು ‘ಇದನ್ನ ನನ್ನ ಮೊಮ್ಮಗನೂ ಮಾಡ್ತಾನೆ’ ಅಂದಿದ್ದರು. ಎಲ್ಲರೂ ನಕ್ಕರು, ನನಗೆ ಮಾತ್ರ ಸಿಟ್ಟು ಬಂದಿತ್ತು. ಇಂಥವರು ವರ್ಷ ಕಳೆದ ಹಾಗೆ ಬದಲಾಗುತ್ತಾರೆ ಅಂತ ನೀವು ಅಂದುಕೊಂಡಿರಬಹುದು. ಇಲ್ಲ. ನೂರರಲ್ಲಿ ತೊಂಬತ್ತು ಅವರಿಗೆ ಹಿಡಿಸಿಲ್ಲ. ಘಾನಾದಲ್ಲಿ ಹುಟ್ಟಿದ ಎಲ್ ಅನಾಟ್ಸುಯಿ ಸಾವಿರಾರು ಬಾಟಲಿ ಮುಚ್ಚಳಗಳನ್ನು ತಂತಿಯಿಂದ ಹೆಣೆದು ಗೋಡೆಯಷ್ಟು ದೊಡ್ಡ ಬಟ್ಟೆಯಂಥ ಕೃತಿ ಮಾಡುತ್ತಾರೆ, ಹೇಗೆ ನೇತು ಹಾಕಬೇಕು ಎಂಬುದನ್ನು ಹಾಕುವವರಿಗೇ ಬಿಡುತ್ತಾರೆ. ಅದನ್ನು ನೋಡಿ ಮಾತ್ರ ಇವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಇದು ಕಲೆ ಹೌದೋ ಅಲ್ವೋ ಗೊತ್ತಿಲ್ಲ. ಆದ್ರೆ ಕೂಲಿ ಲೆಕ್ಕ ಹಾಕಿದ್ರೆ ತಲೆ ತಿರುಗುತ್ತೆ’ ಅಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಿಂದ ಈವರೆಗೆ ಬಂದಿಲ್ಲ.

ಕಿಟಕಿಗಳಿಗೆ ಕಾಗದ ಅಂಟಿಸಿದವರು ಅವರೇ. ಬೆಳಿಗ್ಗೆಯೇ ಮೇಷ್ಟ್ರಿಂದ ಬೀಗದ ಕೈ ಇಸಕೊಂಡು, ಏಣಿ ಹತ್ತಿ, ಒಬ್ಬರೇ. ‘ಯಾಕೆ ಸರ್ ಇಷ್ಟೆಲ್ಲ, ನಿಮಗೆ ಇಷ್ಟವೇ ಇಲ್ವಲ್ಲ’ ಎಂದು ಕೇಳಿದ್ದೆ. ‘ಇಷ್ಟ ಇಲ್ಲ ಅಂತ ಹೇಳೋಕ್ಕಾದ್ರೂ ಸರಿಯಾಗಿ ಕಾಣಬೇಕಲ್ಲಪ್ಪ’ ಅಂದರು. ಅಂದಿನಿಂದ ಪ್ರತಿ ತಿಂಗಳೂ ಅಂಟಿಸುತ್ತಾರೆ, ಮುಗಿದ ಮೇಲೆ ಬಿಚ್ಚಿ ಸುತ್ತಿಡುತ್ತಾರೆ. ಸೋಮವಾರ ಮಕ್ಕಳಿಗೆ ಬೆಳಕು ಬೇಕಲ್ಲ.

ಶನಿವಾರ ರಾತ್ರಿ ನಾನು ‘ಎಲ್ಲರಿಗೂ ಥ್ಯಾಂಕ್ಸ್’ ಎಂದು ಕೂತಾಗ ಅವರು ಕಾಗದ ಸುತ್ತುತ್ತಿದ್ದರು. ಹತ್ತಿರ ಹೋದೆ. ಏನಾದರೂ ಹೇಳಬೇಕು ಎಂದುಕೊಂಡೆ, ಬಾಯಿ ಬರಲಿಲ್ಲ. ಅವರೇ ಅಂದರು, ‘ಎಡಗಡೆ ಮೂರನೇ ಕಿಟಕಿ ಕಾಗದ ಹರಿದಿದೆ. ಟೇಪೂ ಮುಗೀತು. ಮುಂದಿನ ತಿಂಗಳಿಗೆ ತಗೊಂಡು ಬರ್ತೀನಿ.’