ಸ್ಪ್ಯಾಮ್ ಜರಡಿಯಲ್ಲಿ ಬದಲಾವಣೆ ಮತ್ತು ನ್ಯೂಸ್‌ರೀಡರ್ ಆಯ್ಕೆಯ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರೇ ಮತ್ತು ಗ್ರಾಹಕರೇ,

ನಮ್ಮ ಸಹಕಾರ ಸಂಘವು ನಡೆಸುತ್ತಿರುವ ಯೂಸ್‌ನೆಟ್ (ವಿಷಯವಾರು ಚರ್ಚಾಗುಂಪುಗಳ ಬರಹಗಳನ್ನು ಸರ್ವರ್‌ಗಳು ತಮ್ಮೊಳಗೆ ಹಂಚಿಕೊಳ್ಳುವ ಜಾಲ) ಸರ್ವರ್‌ನಲ್ಲಿ ಮುಂದಿನ ತಿಂಗಳ 1ನೇ ತಾರೀಖಿನಿಂದ ಎರಡು ಬದಲಾವಣೆಗಳು ಜಾರಿಗೆ ಬರುತ್ತವೆ. ಮೊದಲನೆಯದಾಗಿ, ಬರಹದಲ್ಲಿರುವ ಪದಗಳನ್ನು ನೋಡಿ ಅದು ಸ್ಪ್ಯಾಮ್ ಎಂದು ತೀರ್ಮಾನಿಸಿ ಹೊಸ್ತಿಲಲ್ಲೇ ತಿರಸ್ಕರಿಸುತ್ತಿದ್ದ ನಮ್ಮ ಪದಪಟ್ಟಿಯನ್ನು ಪೂರ್ತಿಯಾಗಿ ತೆಗೆದುಹಾಕುತ್ತಿದ್ದೇವೆ. ಎರಡನೆಯದಾಗಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಸಂಪರ್ಕಗಳನ್ನು ಇನ್ನು ಮುಂದೆ 563ನೇ ಪೋರ್ಟ್‌ನಲ್ಲಿ (ಸರ್ವರ್‌ನ ಸಂಪರ್ಕದ್ವಾರದಲ್ಲಿ), ಟಿಎಲ್‌ಎಸ್ ಗೂಢಲಿಪಿಯ ಮೂಲಕ ಮಾತ್ರ ಸ್ವೀಕರಿಸುತ್ತೇವೆ. ಚಂದಾ ದರದಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಮೊದಲ ಬದಲಾವಣೆಯ ಪರಿಣಾಮವಾಗಿ ಈಗಿರುವುದಕ್ಕಿಂತ ತುಸು ಹೆಚ್ಚು ಜೊಳ್ಳು ತಮ್ಮ ಪರದೆಯ ಮೇಲೆ ಬೀಳಲಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ನಮ್ಮ ಕರ್ತವ್ಯ. ಆ ಜೊಳ್ಳನ್ನು ಬೇರ್ಪಡಿಸುವ ಕೆಲಸದಲ್ಲಿ ಒಂದು ಪಾಲು ಇನ್ನು ತಮ್ಮ ಕಡೆಗೆ, ಅಂದರೆ ಗುಂಪುಗಳನ್ನು ಓದಲು ತಾವು ಬಳಸುವ ನ್ಯೂಸ್‌ರೀಡರ್ ತಂತ್ರಾಂಶಕ್ಕೆ ಬರುತ್ತದೆ. ಹೀಗೇಕೆ ಮಾಡಬೇಕಾಯಿತು, ಆ ಪಾಲನ್ನು ಹೆಚ್ಚು ಶ್ರಮವಿಲ್ಲದೆ ಹೇಗೆ ನಿಭಾಯಿಸಬಹುದು ಎಂಬುದನ್ನು ವಿವರಿಸಲು ಈ ಪತ್ರ.

ಕಾರಣ ನಮ್ಮದೇ ಒಂದು ತಪ್ಪು. ನಮ್ಮ ಸದಸ್ಯರೊಬ್ಬರು ಸಿ ಭಾಷೆಯ ಗುಂಪಿನಲ್ಲಿ ಪ್ರಶ್ನೆಯೊಂದನ್ನು ಕೇಳಿದ್ದರು. ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನು ಪ್ರೋಗ್ರಾಂ ಮತ್ತೊಮ್ಮೆ ಬಿಟ್ಟುಕೊಡಲು ಹೋಗಿ ಕುಸಿದು ಬೀಳುವ ದೋಷ ಅದು. ಪ್ರೋಗ್ರಾಮರುಗಳ ಮಾತಿನಲ್ಲಿ ಅದರ ಹೆಸರು ‘ಡಬಲ್ ಫ್ರೀ’. ಅವರು ತಲೆಬರಹದಲ್ಲಿ ಆ ಎರಡು ಪದಗಳನ್ನೇ ಬರೆದಿದ್ದರು. ನಮ್ಮ ಪದಪಟ್ಟಿಯಲ್ಲಿ ‘ಡಬಲ್’ ಇತ್ತು, ಹಣವನ್ನು ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರಿಗಾಗಿ. ‘ಫ್ರೀ’ ಇತ್ತು, ಅದು ಯಾರಿಗಾಗಿ ಎಂದು ಹೇಳಬೇಕಾಗಿಲ್ಲ. ಪದಪಟ್ಟಿಯನ್ನು ಹೊರಗಿನಿಂದ ಬರುವ ಬರಹಗಳಿಗೆ ಮಾತ್ರ ಅನ್ವಯಿಸಿದ್ದೆವಾದ್ದರಿಂದ ಅವರ ಪ್ರಶ್ನೆ ಸಲೀಸಾಗಿ ಹೊರಗೆ ಹೋಯಿತು. ಆದರೆ ಉತ್ತರಗಳೆಲ್ಲ ಅದೇ ತಲೆಬರಹದ ಮೊದಲಿಗೆ ಉತ್ತರವೆಂದು ಸೂಚಿಸುವ ‘ರೀ’ ಸೇರಿಸಿಕೊಂಡು ಬಂದವು, ಮತ್ತು ಬಂದ ಹನ್ನೊಂದು ಉತ್ತರಗಳನ್ನೂ ನಮ್ಮ ಸರ್ವರ್ ಸದ್ದಿಲ್ಲದೆ ತಳ್ಳಿಹಾಕಿತು. ಯಾರೂ ಉತ್ತರಿಸಲಿಲ್ಲವೆಂದೇ ನಂಬಿ ಅವರು ಎರಡು ವಾರ ಕಾದರು. ಕೊನೆಗೆ ಬೇರೊಂದು ಸರ್ವರ್‌ನಲ್ಲಿ ಆ ಚರ್ಚೆಯನ್ನು ಕಂಡ ಅವರ ಸ್ನೇಹಿತರು, ಇಷ್ಟೆಲ್ಲ ಹೇಳಿದರೂ ನೀವು ಒಂದು ಮಾತನ್ನೂ ಆಡಲಿಲ್ಲವಲ್ಲ ಎಂದು ಆಕ್ಷೇಪಿಸಿದಾಗಲೇ ವಿಷಯ ಬೆಳಕಿಗೆ ಬಂದದ್ದು. ಒಮ್ಮೆ ತಿರಸ್ಕರಿಸಿದ ಬರಹದ ಮೆಸೇಜ್-ಐಡಿಯನ್ನು, ಅಂದರೆ ಪ್ರತಿ ಬರಹಕ್ಕೂ ಇರುವ ಪ್ರತ್ಯೇಕ ಗುರುತನ್ನು, ಸರ್ವರ್ ನೆನಪಿಟ್ಟುಕೊಳ್ಳುವುದರಿಂದ, ಅದನ್ನೇ ಇನ್ನೊಂದು ಸರ್ವರ್ ಮತ್ತೆ ತಂದುಕೊಟ್ಟರೂ ಒಳಗೆ ಬಿಡುವುದಿಲ್ಲ. ಹಾಗಾಗಿ ಉತ್ತರಗಳು ತಡವಾಗಿಯಾದರೂ ಬರುವ ದಾರಿಯೂ ಇರಲಿಲ್ಲ. ಆ ಸದಸ್ಯರಲ್ಲಿ ಈಗಾಗಲೇ ಕ್ಷಮೆ ಕೇಳಿದ್ದೇವೆ. ಲಾಗ್‌ಗಳನ್ನು ತಿರುವಿ ಹಾಕಿದಾಗ ಇಂತಹ ಇನ್ನಷ್ಟು ಪ್ರಕರಣಗಳು ಕಂಡವು. ಅವುಗಳಲ್ಲಿ ಸಿಕ್ಕಿಬಿದ್ದವರಲ್ಲೂ ಈ ಮೂಲಕ ಕ್ಷಮೆ ಕೋರುತ್ತೇವೆ.

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತಿದ್ದ ಆ ಪದಪಟ್ಟಿಯನ್ನು ನಾವು ಹಾಕಿಕೊಂಡದ್ದಾದರೂ ಏಕೆ ಎಂದು ತಾವು ಕೇಳಬಹುದು. 2023ರ ಕೊನೆಯ ತಿಂಗಳುಗಳಲ್ಲಿ ಗೂಗಲ್ ಗ್ರೂಪ್ಸ್ ಎಂಬ ಜಾಲತಾಣದ ಮೂಲಕ ಯೂಸ್‌ನೆಟ್‌ಗೆ ಹರಿದು ಬಂದ ಜಾಹೀರಾತಿನ ಪ್ರವಾಹವನ್ನು ಕಂಡವರಿಗೆ ಆ ಪ್ರಶ್ನೆ ಏಳಲಾರದು. ಕಾಂಪ್.ಲ್ಯಾಂಗ್.ಸಿ ತರಹದ ಹಳೆಯ ತಾಂತ್ರಿಕ ಗುಂಪುಗಳಲ್ಲಿ ಕೂಡ ನಿಜವಾದ ಬರಹವನ್ನು ಹುಡುಕಿ ತೆಗೆಯಬೇಕಾದ ಸ್ಥಿತಿ ಬಂದಿತ್ತು. ಆ ಒತ್ತಡದಲ್ಲಿ ಕೈಗೆ ಸಿಕ್ಕ ಉಪಾಯಗಳನ್ನೆಲ್ಲ ಹೂಡಿದೆವು. 2024ರ ಫೆಬ್ರವರಿ 22ರಂದು ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ಗೆ ಹೊಸ ಬರಹಗಳನ್ನು ಕಳಿಸುವುದನ್ನೂ ಅಲ್ಲಿಂದ ಪಡೆಯುವುದನ್ನೂ ನಿಲ್ಲಿಸಿತು, ಪ್ರವಾಹ ಇಳಿಯಿತು. ಆದರೆ ಪ್ರವಾಹಕ್ಕಾಗಿ ಕಟ್ಟಿದ ಒಡ್ಡನ್ನು ತೆಗೆಯಬೇಕೆಂಬುದು ನಮಗೆ ಹೊಳೆಯಲಿಲ್ಲ. ಈಗ ಆ ಒಡ್ಡು ತಡೆಯುತ್ತಿರುವುದರಲ್ಲಿ ಕಸಕ್ಕಿಂತ ಕಾಳೇ ಹೆಚ್ಚು.

ಹಾಗೆಂದು ಸರ್ವರ್ ಕೈಕಟ್ಟಿ ಕೂರುತ್ತದೆ ಎಂದು ಭಾವಿಸಬೇಡಿ. ಬರಹದಲ್ಲಿ ಏನಿದೆ ಎಂಬುದರ ಗೊಡವೆಗೆ ಹೋಗದೆ, ಅದನ್ನು ಎಷ್ಟು ಸಲ ಎರಚಲಾಗಿದೆ ಎಂಬುದನ್ನಷ್ಟೇ ನಾವು ಅಳೆಯುತ್ತೇವೆ. ಯೂಸ್‌ನೆಟ್‌ನಲ್ಲಿ ಸ್ಪ್ಯಾಮ್ ಎಂಬ ಮಾತಿಗೆ ಮೊದಲಿನಿಂದಲೂ ಇದ್ದ ಅರ್ಥವೇ ಅದು. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು 5,000ಕ್ಕೂ ಹೆಚ್ಚು ಗುಂಪುಗಳಿಗೆ ಒಂದೊಂದಾಗಿ ಕಳಿಸಿದಾಗ ಜನ ಸಿಟ್ಟಾದದ್ದು ವಲಸೆಯ ವಿಷಯಕ್ಕಲ್ಲ, ಒಂದೇ ಮಾತನ್ನು ಅಷ್ಟು ಕಡೆ ಪ್ರತ್ಯೇಕವಾಗಿ ಸುರಿದದ್ದಕ್ಕೆ. ಒಂದೇ ಬರಹವನ್ನು ಹಲವು ಗುಂಪುಗಳ ಹೆಸರು ಬರೆದು ಒಟ್ಟಿಗೆ ಕಳಿಸಿದರೆ ಸರ್ವರ್‌ನಲ್ಲಿ ಒಂದೇ ಪ್ರತಿ ಉಳಿಯುತ್ತದೆ, ಮತ್ತು ಅದನ್ನು ಒಂದು ಗುಂಪಿನಲ್ಲಿ ಓದಿದರೆ ಒಳ್ಳೆಯ ನ್ಯೂಸ್‌ರೀಡರ್ ಉಳಿದ ಗುಂಪುಗಳಲ್ಲೂ ಓದಿದ್ದೆಂದು ಗುರುತು ಹಾಕಿಕೊಳ್ಳುತ್ತದೆ. ಬೇರೆ ಬೇರೆಯಾಗಿ ಕಳಿಸಿದರೆ ಅಷ್ಟೂ ಸಲ ಓದುಗನ ಕಣ್ಣಿಗೆ ಬೀಳುತ್ತದೆ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತರಲು ಬ್ರೈಡ್‌ಬಾರ್ಟ್ ಸೂಚ್ಯಂಕ ಎಂಬ ಅಳತೆಯಿದೆ: ಪ್ರತಿಯೊಂದು ಪ್ರತಿಯೂ ಎಷ್ಟು ಗುಂಪುಗಳಿಗೆ ಹೋಗಿದೆಯೋ ಆ ಸಂಖ್ಯೆಯ ವರ್ಗಮೂಲ ತೆಗೆದು ಎಲ್ಲವನ್ನೂ ಕೂಡುವುದು. 9 ಗುಂಪುಗಳಿಗೆ ಒಟ್ಟಿಗೆ ಹೋದ ಒಂದು ಬರಹದ ಸೂಚ್ಯಂಕ 3. ಅದನ್ನೇ 9 ಸಲ ಬೇರೆ ಬೇರೆಯಾಗಿ ಕಳಿಸಿದರೆ 9. 45 ದಿನಗಳಲ್ಲಿ ಈ ಮೊತ್ತ 20 ಮುಟ್ಟಿದರೆ ಅದು ಸ್ಪ್ಯಾಮ್ ಎಂಬುದು ಯೂಸ್‌ನೆಟ್‌ನ ಹಳೆಯ ರೂಢಿ, ನಾವು ಅದನ್ನೇ ಹಿಡಿದುಕೊಂಡಿದ್ದೇವೆ. ಇದರೊಂದಿಗೆ, ಕ್ಲೀನ್‌ಫೀಡ್ ಎಂಬ ಜರಡಿ ಬರಹದ ಒಡಲಿನಿಂದ ಬೆರಳಗುರುತಿನಂತಹ ಒಂದು ಗುರುತು ಲೆಕ್ಕಹಾಕಿ, ಅದೇ ಗುರುತಿನ ಬರಹಗಳು ಅಲ್ಪಕಾಲದಲ್ಲಿ ಮಿತಿಮೀರಿ ಬಂದರೆ ಉಳಿದವನ್ನು ತಡೆಯುತ್ತದೆ. ಇದು ಹಿಂದಿನಂತೆಯೇ ಮುಂದುವರಿಯುತ್ತದೆ.

ಈ ಅಳತೆಗೆ ಸಿಗದ ಕಸ ಉಳಿದೇ ಉಳಿಯುತ್ತದೆ. ಒಂದೇ ಗುಂಪಿನಲ್ಲಿ ದಿನಕ್ಕೆ ಎರಡು ಬಾರಿ ಬಂದು ಹೋಗುವ ಜಾಹೀರಾತುದಾರ, ಯಾವ ಚರ್ಚೆಯನ್ನೂ ಜಗಳವಾಗಿಸುವ ಮಹಾಶಯ, ತಮಗೆ ಬೇಡವಾದರೂ ಪಕ್ಕದವರಿಗೆ ಬೇಕಾದ ವಿಷಯ, ಇವುಗಳ ಮೇಲೆ ತೀರ್ಪು ಕೊಡುವ ಅಧಿಕಾರ ನಮಗಿಲ್ಲವೆಂದು ಈಗ ಮನವರಿಕೆಯಾಗಿದೆ. ಸರ್ವರ್‌ನಲ್ಲಿ ತಡೆದರೆ ಅದು ಎಲ್ಲರಿಗೂ ಇಲ್ಲವಾಗುತ್ತದೆ. ತಮ್ಮ ನ್ಯೂಸ್‌ರೀಡರ್‌ನಲ್ಲಿ ತಡೆದರೆ ತಮಗೆ ಮಾತ್ರ, ಅದೂ ನಿಯಮವನ್ನು ಅಳಿಸಿದ ಕ್ಷಣ ಮರಳಿ ಬರುತ್ತದೆ.

ಆದ್ದರಿಂದ ನ್ಯೂಸ್‌ರೀಡರ್ ಆಯ್ಕೆ ಈಗ ಮೊದಲಿಗಿಂತ ಮುಖ್ಯವಾಗುತ್ತದೆ. ಆಯ್ಕೆ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದು ಬರಹಗಳನ್ನು ಬರಿದೆ ಅಳಿಸುತ್ತದೆಯೋ ಅಥವಾ ಅಂಕ ಕೊಟ್ಟು ತೂಗುತ್ತದೆಯೋ ಎಂಬುದು. ಹಳೆಯ ‘ಕಿಲ್ ಫೈಲ್’ ಪದ್ಧತಿಯಲ್ಲಿ ಒಂದು ಹೆಸರನ್ನೋ ಪದವನ್ನೋ ಬರೆದಿಟ್ಟರೆ ಅದಿರುವ ಬರಹ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಪದಪಟ್ಟಿ ಮಾಡಿದ್ದೂ ಇದನ್ನೇ. ಅಂಕ ಪದ್ಧತಿಯಲ್ಲಿ ಹಾಗಲ್ಲ, ಪ್ರತಿ ಲಕ್ಷಣಕ್ಕೂ ಇಷ್ಟು ಕೂಡು, ಇಷ್ಟು ಕಳೆ ಎಂದು ಹೇಳಿ ಕೊನೆಯ ಮೊತ್ತವನ್ನು ನೋಡುತ್ತೇವೆ. ಮೇಲಿನ ಪ್ರಸಂಗವನ್ನೇ ತೆಗೆದುಕೊಳ್ಳಿ. ತಲೆಬರಹದಲ್ಲಿ ‘ಫ್ರೀ’ ಇದ್ದರೆ 30 ಕಳೆ, ಮೂರಕ್ಕಿಂತ ಹೆಚ್ಚು ಗುಂಪುಗಳಿಗೆ ಹೋಗಿದ್ದರೆ 40 ಕಳೆ, ತಾವು ಬರೆದ ಬರಹಕ್ಕೆ ಉತ್ತರವಾಗಿದ್ದರೆ 200 ಕೂಡು ಎಂಬ ಮೂರು ನಿಯಮಗಳಿದ್ದವು ಎಂದುಕೊಳ್ಳೋಣ. ಆ ಹನ್ನೊಂದು ಉತ್ತರಗಳಿಗೂ 30 ಕಳೆದು 200 ಕೂಡಿ 170 ಅಂಕ ಬಂದು, ಅವು ಪಟ್ಟಿಯ ತಲೆಯಲ್ಲಿ ಕೂತಿರುತ್ತಿದ್ದವು. ಅದೇ ಪದವಿರುವ ಜಾಹೀರಾತು ಐದಾರು ಗುಂಪುಗಳಿಗೆ ಬಂದಿದ್ದರೆ ಋಣ 70ಕ್ಕೆ ಇಳಿದು ತಳ ಸೇರುತ್ತಿತ್ತು.

ಇನ್ನೊಂದು ಸೂಕ್ಷ್ಮವನ್ನು ಹೇಳಲೇಬೇಕು, ಏಕೆಂದರೆ ಫಿಲ್ಟರ್ ಬರೆದೆ ಆದರೆ ಅದು ಕೆಲಸ ಮಾಡುತ್ತಿಲ್ಲ ಎಂಬ ದೂರುಗಳ ಬೇರು ಅಲ್ಲಿದೆ. ಗುಂಪೊಂದನ್ನು ತೆರೆದಾಗ ನ್ಯೂಸ್‌ರೀಡರ್ ಎಲ್ಲ ಬರಹಗಳನ್ನೂ ಇಳಿಸಿಕೊಳ್ಳುವುದಿಲ್ಲ. ‘ಓವರ್‌ವ್ಯೂ’ ಎಂಬ ಸಾರಾಂಶವನ್ನು ಮಾತ್ರ ಕೇಳಿ ಪಡೆಯುತ್ತದೆ. 2006ರ ಆರ್‌ಎಫ್‌ಸಿ 3977 ಎಂಬ ನಿಯಮಾವಳಿಯ ಪ್ರಕಾರ ಅದರಲ್ಲಿ ತಲೆಬರಹ, ಬರೆದವರ ಹೆಸರು, ದಿನಾಂಕ, ಮೆಸೇಜ್-ಐಡಿ, ಯಾವುದಕ್ಕೆ ಉತ್ತರ ಎಂದು ತಿಳಿಸುವ ರೆಫರೆನ್ಸಸ್, ಗಾತ್ರ ಮತ್ತು ಸಾಲುಗಳ ಸಂಖ್ಯೆ ಇರುತ್ತವೆ. ಬರಹ ಇನ್ನಾವ ಗುಂಪುಗಳಿಗೆ ಹೋಗಿದೆ ಎನ್ನುವ ಎಕ್ಸ್‌ರೆಫ್ ಕೂಡ ಸಾಮಾನ್ಯವಾಗಿ ಜೊತೆಗಿರುತ್ತದೆ. ಇವುಗಳ ಮೇಲೆ ಬರೆದ ನಿಯಮ ಕಣ್ಣೆವೆ ಮುಚ್ಚುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ಇವುಗಳಲ್ಲಿಲ್ಲದ ಬೇರೆ ವಿವರದ ಮೇಲೋ ಒಡಲಿನ ಪದಗಳ ಮೇಲೋ ಬರೆದರೆ, ನ್ಯೂಸ್‌ರೀಡರ್ ಪ್ರತಿ ಬರಹಕ್ಕೂ ಸರ್ವರ್‌ಗೆ ಓಡಾಡಬೇಕಾಗುತ್ತದೆ, ಇಲ್ಲವೇ ಆ ನಿಯಮವನ್ನು ಕಡೆಗಣಿಸುತ್ತದೆ.

ಓವರ್‌ವ್ಯೂನ ಈ ಎಂಟು ವಿವರಗಳಲ್ಲಿ ಬಹಳ ಜನ ಕೈಹಾಕುವುದು ಬರೆದವರ ಹೆಸರಿಗೆ. ಅದು ಅಷ್ಟು ನೆಚ್ಚಿಗೆಗೆ ಅರ್ಹವಲ್ಲ, ಏಕೆಂದರೆ ಆ ಜಾಗದಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು. ಗುಂಪಿನ ಗೌರವಾನ್ವಿತ ಸದಸ್ಯರ ಹೆಸರುಗಳನ್ನೇ ಕದ್ದು ಕಸ ಸುರಿದ ದಾಳಿಗಳು 1990ರ ದಶಕದಲ್ಲೇ ನಡೆದಿವೆ, ಅವರನ್ನು ಕಿಲ್ ಫೈಲಿಗೆ ಸೇರಿಸಿದವರು ಕಳೆದುಕೊಂಡದ್ದು ನಿಜವಾದ ಅವರನ್ನೇ. ಮೆಸೇಜ್-ಐಡಿ ಇದಕ್ಕಿಂತ ಹೆಚ್ಚು ಹೇಳುತ್ತದೆ. ಅದರ ಬಲಭಾಗ ಸಾಮಾನ್ಯವಾಗಿ ಬರಹ ಹೊರಟ ಸರ್ವರ್‌ನ ಅಥವಾ ಸೇವೆಯ ಗುರುತು. ಗೂಗಲ್ ಗ್ರೂಪ್ಸ್‌ನಿಂದ ಬಂದವುಗಳ ಮೆಸೇಜ್-ಐಡಿ ‘ಗೂಗಲ್‌ಗ್ರೂಪ್ಸ್.ಕಾಂ’ ಎಂದು ಮುಗಿಯುತ್ತಿದ್ದುದರಿಂದಲೇ 2023ರ ಪ್ರವಾಹವನ್ನು ಒಂದೇ ಸಾಲಿನ ನಿಯಮದಿಂದ ಹಿಮ್ಮೆಟ್ಟಿಸಿದ ಓದುಗರಿದ್ದರು. ಆಗ ಪದಪಟ್ಟಿ ಕಟ್ಟುವ ಬದಲು ಅವರಿಂದ ಕಲಿತಿದ್ದರೆ ನಮಗೂ ಒಳಿತಾಗುತ್ತಿತ್ತು.

ಇನ್ನು ತಂತ್ರಾಂಶಗಳ ಹೆಸರಿಗೆ ಬರುತ್ತೇವೆ. ಕಿಟಕಿ, ಗುಂಡಿಗಳಿರುವ ನ್ಯೂಸ್‌ರೀಡರ್ ಬೇಕೆನ್ನುವವರಿಗೆ ಪ್ಯಾನ್ ನಮ್ಮ ಮೊದಲ ಶಿಫಾರಸು. ಅದರಲ್ಲಿ ಅಂಕಗಳು ಋಣ 9999ರಿಂದ ಧನ 9999ರವರೆಗೆ ಹರಡಿವೆ. ತಳದ ಅಂಕ ಪಡೆದದ್ದು ‘ಕಡೆಗಣಿಸಿದ್ದು’, ಮೇಲಿನದು ‘ಗಮನಿಸುತ್ತಿರುವುದು’ ಎನಿಸಿಕೊಳ್ಳುತ್ತದೆ. ನಿಯಮಕ್ಕೆ ಅವಧಿಯನ್ನೂ ಗೊತ್ತುಪಡಿಸಬಹುದು, ಇದು ಸಣ್ಣ ಸೌಲಭ್ಯವೇನಲ್ಲ: ಒಂದು ತಿಂಗಳ ಸಿಟ್ಟಿಗೆ ಒಂದು ತಿಂಗಳ ನಿಯಮ ಸಾಕು. ಕಿಟಕಿ, ಗುಂಡಿಗಳಿಲ್ಲದೆ ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲೇ ಕೆಲಸ ಮಾಡುವವರಿಗೆ ಎಸ್‌ಎಲ್‌ಆರ್‌ಎನ್ ಇದೆ. ಅದರ ಅಂಕದ ಕಡತದ ರೂಪವನ್ನೇ ಪ್ಯಾನ್ ಕೂಡ ಓದುವುದರಿಂದ, ಇಂದು ಒಂದರಲ್ಲಿ ಬರೆದದ್ದನ್ನು ನಾಳೆ ಇನ್ನೊಂದಕ್ಕೆ ಒಯ್ಯಬಹುದು. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕವನ್ನು ಬಳಸುವವರು ಅದರಲ್ಲೇ ಇರುವ ಗ್ನಸ್ ಬಿಟ್ಟು ಬೇರೆಡೆ ನೋಡಬೇಕಾಗಿಲ್ಲ. ತಾವು ಯಾವ ಚರ್ಚೆಗಳನ್ನು ಓದುತ್ತೀರಿ, ಯಾವುದನ್ನು ಓದದೆ ದಾಟುತ್ತೀರಿ ಎಂಬುದನ್ನು ಗಮನಿಸಿ ತಾನೇ ಅಂಕ ಹೊಂದಿಸಿಕೊಳ್ಳುವ ವ್ಯವಸ್ಥೆಯೂ ಅದರಲ್ಲಿದೆ. ಅದನ್ನು ಚಾಲೂ ಮಾಡಿದ ಮೇಲೆ ಒಂದೆರಡು ವಾರ ಕಣ್ಣಿಟ್ಟಿರುವುದು ಲೇಸು.

ನಮ್ಮ ಗ್ರಾಹಕರಲ್ಲಿ ಅನೇಕರು ಥಂಡರ್‌ಬರ್ಡ್ ಬಳಸುತ್ತೀರಿ. ಇಮೇಲ್ ಮತ್ತು ಗುಂಪುಗಳು ಒಂದೇ ಕಡೆ ಸಿಗುತ್ತವೆ ಎಂಬುದು ನಿಜವಾದ ಅನುಕೂಲ, ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಮೇಲೆ ಹೇಳಿದಂತೆ ಅಂಕಗಳನ್ನು ಕೂಡಿ ಕಳೆದು ತೂಗುವ ವ್ಯವಸ್ಥೆ ಅದರಲ್ಲಿಲ್ಲ. ಅಲ್ಲಿರುವುದು ಸಂದೇಶ ಫಿಲ್ಟರ್‌ಗಳು ಮತ್ತು ಬೇಡವಾದ ಚರ್ಚೆಯ ಮೇಲೆ ನಿಂತು ‘ಕೆ’ ಕೀಲಿ ಒತ್ತಿದರೆ ಆ ಎಳೆಯನ್ನು ಇಡಿಯಾಗಿ ಮರೆಮಾಡುವ ಸೌಲಭ್ಯ. ದಿನಕ್ಕೆ ಮೂರ್ನಾಲ್ಕು ಗುಂಪುಗಳನ್ನು ಓದುವವರಿಗೆ ಇಷ್ಟು ಧಾರಾಳವಾಗಿ ಸಾಕು. ಮೂವತ್ತು ನಲವತ್ತು ಗುಂಪುಗಳನ್ನು ಓದುವವರಿಗೆ ಸಾಲದು.

ಪೋರ್ಟ್ ಬದಲಾವಣೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. 119ನೇ ಪೋರ್ಟ್‌ನಲ್ಲಿ ಈಗ ತಮ್ಮ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹಾದುಹೋಗುತ್ತಿದೆ, ಇದನ್ನು ಇನ್ನೂ ಮುಂದುವರಿಸುವುದು ಸರಿಯಲ್ಲ. ಖಾತೆಯ ಸೆಟ್ಟಿಂಗ್‌ನಲ್ಲಿ ಪೋರ್ಟ್ ಸಂಖ್ಯೆಯನ್ನು 563 ಎಂದು ಬದಲಿಸಿ, ಎಸ್‌ಎಸ್‌ಎಲ್ ಅಥವಾ ಟಿಎಲ್‌ಎಸ್ ಎಂಬ ಆಯ್ಕೆಯನ್ನು ಗುರುತು ಮಾಡಿದರೆ ಮುಗಿಯಿತು. ಸರ್ವರ್‌ನ ಹೆಸರು, ತಮ್ಮ ಬಳಕೆದಾರ ಹೆಸರು ಎರಡೂ ಹಿಂದಿನವೇ. ಮೇಲೆ ಹೆಸರಿಸಿದ ನಾಲ್ಕೂ ತಂತ್ರಾಂಶಗಳ ಇಂದಿನ ಆವೃತ್ತಿಗಳಲ್ಲಿ ಇದು ಸಾಧ್ಯ. ಅಭಿವೃದ್ಧಿ ನಿಂತುಹೋದ ಹಳೆಯ ನ್ಯೂಸ್‌ರೀಡರ್‌ಗಳಿಗೆ ಅಂಟಿಕೊಂಡವರು, ಮತ್ತು ಅಂತಹವರು ನಮ್ಮ ತಂಡದಲ್ಲೇ ಒಬ್ಬರಿದ್ದಾರೆ, ನಡುವೆ ಸ್ಟನಲ್ ಎಂಬ ಸಣ್ಣ ತಂತ್ರಾಂಶವನ್ನು ನಿಲ್ಲಿಸಿಕೊಂಡು ಅದರ ಮೂಲಕ ಸಂಪರ್ಕಿಸಬಹುದು. ಎರಡು ಪೋರ್ಟ್‌ಗಳೂ ಈ ತಿಂಗಳ ಕೊನೆಯವರೆಗೆ ತೆರೆದಿರುತ್ತವೆ, ಆದ್ದರಿಂದ ಹೊಸದನ್ನು ಈಗಲೇ ಪರೀಕ್ಷಿಸಿ ನೋಡಬೇಕೆಂದು ಕೋರುತ್ತೇವೆ.

ಕೊನೆಯದಾಗಿ, ಸರ್ವರ್ ಇನ್ನು ಮುಂದೆ ಯಾವ ಬರಹವನ್ನೂ ಗುಟ್ಟಾಗಿ ತಿರಸ್ಕರಿಸುವುದಿಲ್ಲ. ದಿನವೂ ತಡೆಹಿಡಿದ ಬರಹಗಳ ಮೆಸೇಜ್-ಐಡಿ, ತಲೆಬರಹ ಮತ್ತು ತಡೆದ ಕಾರಣವಿರುವ ಪಟ್ಟಿಯನ್ನು ನಮ್ಮ ಸರ್ವರ್‌ನ ಒಳಗಿನ ಪ್ರಕಟಣೆಗಳ ಗುಂಪಿನಲ್ಲಿ ಹಾಕುತ್ತೇವೆ, ಮತ್ತು ತಡೆದ ಬರಹಗಳ ಪ್ರತಿಯನ್ನು 30 ದಿನ ಇಟ್ಟುಕೊಂಡಿರುತ್ತೇವೆ. ಉತ್ತರ ಬರಬೇಕಾಗಿತ್ತು, ಬರಲಿಲ್ಲ ಎಂದು ಅನಿಸಿದವರು ಆ ಪಟ್ಟಿಯಲ್ಲಿ ತಮ್ಮ ತಲೆಬರಹವನ್ನು ಹುಡುಕಿ, ಸಿಕ್ಕಿದರೆ ಅದರ ಮೆಸೇಜ್-ಐಡಿಯನ್ನು ಅದೇ ಗುಂಪಿನಲ್ಲಿ ನಮಗೆ ಬರೆದು ತಿಳಿಸಿದರೆ ಸಾಕು; ಪ್ರತಿಯನ್ನು ಹೊರತೆಗೆದು ಚರ್ಚೆಯ ಎಳೆಯಲ್ಲಿ ಅದರ ಜಾಗಕ್ಕೆ ಸೇರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸರ್ವರ್ ನಿರ್ವಹಣಾ ತಂಡ