ಪುಟ್ಟಿ, ಬರೀ ಮೊತ್ತ ನೋಡಬೇಡ

ಪುಟ್ಟಿ,

ಭಾನುವಾರ ರೇಸ್ ಮುಗಿಸಿ ಆಟೋ ಹತ್ತಿದವಳು ಪಿಜಿ ಬರುವ ತನಕ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಚಿತ್ರಾನ್ನದ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದೆ. "ಪರವಾಗಿಲ್ಲ ಬಿಡು, ಓಡಿದ್ದೇ ದೊಡ್ಡದು" ಅಂದಿದ್ದರೆ ನೀನು ಸಿಗ್ನಲ್ಲಿನಲ್ಲೇ ಇಳಿದು ನಡೆದು ಹೋಗುತ್ತಿದ್ದೆ, ನನಗೆ ಗೊತ್ತಿಲ್ವಾ. ಈಗ ನಾನು ಊರಿಗೆ ಬಂದು ಮೂರು ದಿನ ಆಯ್ತು. ನಿನ್ನ ಸಿಟ್ಟೂ ಸ್ವಲ್ಪ ಇಳಿದಿರಬೇಕು. ಫೋನಿನಲ್ಲಿ ಹೇಳಲು ಹೋದರೆ "ಹ್ಞೂಂ, ಆಯ್ತಮ್ಮ, ಇಡ್ತೀನಿ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದನ್ನು ಒಪ್ಪಿಕೊಂಡುಬಿಡೋಣ. 10 ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸಬೇಕು ಅಂತ ಡಿಸೆಂಬರಿನಿಂದ ಬೆಳಿಗ್ಗೆ ಐದಕ್ಕೆ ಎದ್ದೆ. ಬಂದಿದ್ದು 1 ಗಂಟೆ 4 ನಿಮಿಷ 58 ಸೆಕೆಂಡ್. ಮಾರ್ಚಿನಲ್ಲಿ ಪ್ರಾಕ್ಟೀಸಿನಲ್ಲೇ 1 ಗಂಟೆ 1 ನಿಮಿಷಕ್ಕೆ ಮುಗಿಸಿದ್ದವಳು ನೀನು. ಬೇಜಾರಾಗಲೇಬೇಕು. ಆಗದಿದ್ದರೆ ನನಗೆ ಯೋಚನೆ ಹತ್ತುತ್ತಿತ್ತು.

ಆದರೆ ಸೊಸೈಟಿಯಲ್ಲಿ 22 ವರ್ಷ ಲೆಕ್ಕ ಬರೆದವಳು ನಾನು. ಕೊನೆಯ ಸಾಲಿನ ಮೊತ್ತವೊಂದನ್ನೇ ನೋಡಿ ಪುಸ್ತಕ ಮುಚ್ಚುವುದು ನನ್ನ ಕೈಲಾಗದು. ವಾಚಿನ ಲೆಕ್ಕದ ಫೋಟೋ ಕಳಿಸಿ "ನೋಡು ನಿನ್ನ ಮಗಳ ಘನಂದಾರಿ ಕೆಲಸ" ಅಂತ ಬರೆದಿದ್ದೆಯಲ್ಲ, ಅದನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದೇ ಕಿಲೋಮೀಟರ್ ಬರೆದುಕೊಂಡು ಕೂತೆ. ನಿಮ್ಮಪ್ಪ ಎರಡು ಸಲ ಬಂದು ಇಣುಕಿ, ಕಾಫಿ ಕೇಳದೆ ವಾಪಸ್ ಹೋದರು.

ಗಂಟೆಯೊಳಗೆ ಮುಗಿಸಲು ಕಿಲೋಮೀಟರಿಗೆ 6 ನಿಮಿಷ ಸಾಕು. ನೀನು ಮೊದಲನೆಯದನ್ನು ಓಡಿದ್ದು 5:20ಕ್ಕೆ! ಎರಡನೆಯದು 5:28. ನಿಮ್ಮಜ್ಜಿ ಇದ್ದಿದ್ದರೆ ಒಂದೇ ಮಾತು ಅನ್ನುತ್ತಿದ್ದರು, ಆರಂಭಶೂರತ್ವ ಅಂತ. ನಿನ್ನ ತಪ್ಪು ಅಂತ ಪೂರ್ತಿ ಹೇಳಲಾರೆ. ಸಾವಿರಾರು ಜನ, ಡೊಳ್ಳು, ಕೂಗಾಟ, ಅದನ್ನೆಲ್ಲ ನೋಡಿ ಬೇಲಿಯಾಚೆ ಸೀರೆ ಉಟ್ಟು ನಿಂತಿದ್ದ ನನಗೇ ಓಡಿಬಿಡೋಣ ಅನ್ನಿಸಿತ್ತು, ಇನ್ನು ನಿನ್ನ ಕಾಲು ಕೇಳುತ್ತಾ? ಅರ್ಧ ದಾರಿ ಮುಗಿದಾಗ 28 ನಿಮಿಷ 55 ಸೆಕೆಂಡ್. ಇಲ್ಲಿ ಒಂದು ನಿಮಿಷ ನಿಂತುಕೋ. ಇಲ್ಲಿಯ ತನಕ ನೀನು 5 ಕಿಲೋಮೀಟರನ್ನು ಅರ್ಧ ಗಂಟೆಯೊಳಗೆ ಓಡಿದ್ದೇ ಇಲ್ಲ. ಮೊದಲ ಸಲ ಓಡಿದೆ, ನಿನಗದು ಗೊತ್ತೂ ಆಗಲಿಲ್ಲ.

ಆಮೇಲೆ ಬಡ್ಡಿ ಶುರುವಾಯಿತು. ಆರನೆಯದು 6:58, ಏಳು 7:40, ಎಂಟು 8:12. ಅದರ ಪಕ್ಕದಲ್ಲೇ ಎದೆಬಡಿತದ ಸಾಲೂ ಇದೆ, ಅದನ್ನು ನೀನು ನೋಡಿದಂತಿಲ್ಲ. ಏಳನೇ ಕಿಲೋಮೀಟರಿನಲ್ಲಿ ನಿಮಿಷಕ್ಕೆ 184. ಮಾರ್ಚಿನ ಓಟದಲ್ಲಿ ಇದೇ 184 ಬಂದಾಗ ನೀನು 5:40ರ ವೇಗದಲ್ಲಿದ್ದೆ. ಏಪ್ರಿಲ್ ಸೆಕೆ ಕಣೇ. ಮೈ ತಂಪಾಗಲು ರಕ್ತ ಚರ್ಮದ ಕಡೆ ಹೋಗಬೇಕು, ಕಾಲಿಗೂ ಹೋಗಬೇಕು, ಬೆವರು ಸುರಿದು ಮೈಯಲ್ಲಿ ನೀರು ಬೇರೆ ಕಮ್ಮಿ, ಹಾಗಾಗಿ ಅಷ್ಟೇ ಕೆಲಸಕ್ಕೆ ಹೃದಯ ಜಾಸ್ತಿ ಬಡಿದುಕೊಳ್ಳುತ್ತೆ. "ನಾನು ಮಧ್ಯದಲ್ಲೇ ಕೈಬಿಟ್ಟೆ ಅಮ್ಮ" ಅಂದೆಯಲ್ಲ. ಕೈಬಿಟ್ಟವರ ಎದೆ 184 ಬಡಿಯುವುದಿಲ್ಲ.

ಪೌಲಾ ರಾಡ್‌ಕ್ಲಿಫ್ ಕತೆ ನೀನೇ ನನಗೆ ಹೇಳಿದ್ದು. 2003ರಲ್ಲಿ ಲಂಡನ್ನಿನಲ್ಲಿ 2:15:25ಕ್ಕೆ ಮ್ಯಾರಥಾನ್ ಓಡಿ ಹೆಂಗಸರ ವಿಶ್ವದಾಖಲೆ ಮಾಡಿದಾಕೆ, ಮರುವರ್ಷ ಅಥೆನ್ಸ್ ಒಲಿಂಪಿಕ್ಸಿನ ಸೆಕೆಯಲ್ಲಿ 36 ಕಿಲೋಮೀಟರ್ ದಾಟಿ ಇನ್ನಾಗದೆ ರಸ್ತೆ ಬದಿ ಕೂತು ಅತ್ತಳು. ಐದೇ ದಿನಕ್ಕೆ 10,000 ಮೀಟರಿಗೆ ಇಳಿದಳು, ಅದನ್ನೂ ಮುಗಿಸಲಾಗಲಿಲ್ಲ. ಮ್ಯಾರಥಾನಿನ ದಿನದಿಂದ 11 ವಾರಕ್ಕೆ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದಳು. 2005ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್ ಕೂಡ ಆದಳು. ಎಲ್ಲರೂ ನ್ಯೂಯಾರ್ಕಿನದ್ದೇ ಹೇಳುತ್ತಾರೆ, ನನ್ನ ತಲೆಯಲ್ಲಿ ಉಳಿದಿದ್ದು ಮಾತ್ರ ಆ ಐದನೇ ದಿನ. ಯಾಕೆ ಅಂದ್ರೆ ನೀನೂ ಮುಂದಿನ ಭಾನುವಾರವೇ ಇನ್ನೊಂದು ರೇಸಿಗೆ ಹೆಸರು ಕೊಡಲು ಹೊರಟಿದ್ದೀಯಂತೆ. ಯಾರು ಹೇಳಿದರು ಅಂತ ಕೇಳಬೇಡ, ನಿನ್ನ ರೂಂಮೇಟ್ ಜೊತೆ ಜಗಳಕ್ಕೂ ಹೋಗಬೇಡ. ಎರಡು ವಾರ ಚೆನ್ನಾಗಿ ನಿದ್ದೆ ಮಾಡು. ಆಮೇಲೆ ಮೊದಲ ಎರಡು ಕಿಲೋಮೀಟರಿನಲ್ಲಿ ಒಂದೊಂದನ್ನೂ 6 ನಿಮಿಷಕ್ಕೇ ಓಡುವುದನ್ನು ರೂಢಿ ಮಾಡು, ಪಕ್ಕದವರು ದಾಟಿ ಹೋದರೆ ಹೋಗಲಿ.

ಇನ್ನೊಂದು ಸಾಲು ಉಳಿದಿದೆ. ಇದನ್ನು ಮಾತ್ರ ಮೂರು ಸಲ ಕೂಡಿಸಿ ಕಳೆದು ನೋಡಿದೆ. ಒಂಬತ್ತನೆಯದು 7:05. ಅಲ್ಲಿಗೆ ಒಟ್ಟು 58:50. ಗಂಟೆ ಕೈತಪ್ಪಿ ಹೋಯಿತು ಅಂತ ವಾಚು ನೋಡಿದ ಕ್ಷಣವೇ ನಿನಗೆ ಗೊತ್ತಾಗಿದೆ. ನಡೆದುಕೊಂಡು ಬಂದಿದ್ದರೂ ಮೆಡಲ್ ಕೊಡುತ್ತಿದ್ದರು. ನೀನು ಹತ್ತನೆಯದನ್ನು 6:08ಕ್ಕೆ ಓಡಿದೆ. ಕೊನೆಯ ತಿರುವಿನಲ್ಲಿ ನಾನು ನಿನ್ನನ್ನು ನೋಡಿದೆ ಪುಟ್ಟಿ. ಜಡೆ ಬಿಚ್ಚಿ ಹೋಗಿತ್ತು, ಎಡಗೈಯಲ್ಲಿ ಪಕ್ಕೆ ಒತ್ತಿ ಹಿಡಿದುಕೊಂಡಿದ್ದೆ, ಗಂಟಲು ಹರಿಯುವ ಹಾಗೆ ಕೂಗಿದರೂ ನಿನಗೆ ಕೇಳಿಸಲಿಲ್ಲ. ಯಾರಿಗೋಸ್ಕರ ಹಾಗೆ ಓಡಿದೆ ಅಂತ ಯೋಚಿಸುತ್ತಲೇ ಇದ್ದೇನೆ. ನಿನಗೆ ಗೊತ್ತಿದ್ದರೆ ಹೇಳು, ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಡಬ್ಬಿ ತೊಳೆದಿಟ್ಟಿದ್ದೀಯಾ? ಹಬ್ಬಕ್ಕೆ ಬರುವಾಗ ತಾ. ಮತ್ತೆ, ನಿನ್ನ ನಂಬರ್ ಚೀಟಿಯನ್ನು ಮುದುರಿ ಪಿಜಿಯ ಕಸದ ಬುಟ್ಟಿಗೆ ಎಸೆದೆಯಲ್ಲ, ಚೀಟಿಯನ್ನು ನಾನು ಎತ್ತಿಕೊಂಡಿಲ್ಲ. ಪಿನ್ನು ಮಾತ್ರ ಬಿಚ್ಚಿಕೊಂಡೆ. ನಾಲ್ಕೂ ಒಳ್ಳೆ ಗಟ್ಟಿ ಪಿನ್ನು, ನನ್ನ ಬಳೆಯಲ್ಲಿ ನೇತಾಡುತ್ತಿವೆ. ಬೇಕಾದಾಗ ತಗೊಂಡು ಹೋಗು. ಅಲ್ಲಿಯ ತನಕ ನನ್ನ ಸೀರೆಗೆ ಆಗುತ್ತೆ.

ಅಮ್ಮ