ಚಿನ್ನ ಕೂರಿಸಿದ ಹಾಳೆಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮಧ್ಯಯುಗದ ಯುರೋಪಿನ ಸಚಿತ್ರ ಹಸ್ತಪ್ರತಿಗಳನ್ನು ಕುರಿತ ಕಿರು ಸಾಕ್ಷ್ಯಚಿತ್ರವೊಂದನ್ನು ಈಚೆಗೆ ನೋಡಿದೆ. ಕರುವಿನ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿದು, ಹೆರೆದು ಹಾಳೆ ಮಾಡುವ ಕ್ರಮ ನಿನಗೆ ಗೊತ್ತೇ ಇದೆ. ಅದನ್ನು ಮತ್ತೆ ವಿವರಿಸುವುದಿಲ್ಲ.

ಚಿನ್ನ ಕೂರಿಸುವ ಭಾಗವನ್ನು ಮಾತ್ರ ನೀನು ನೋಡಲೇಬೇಕು. ಅಕ್ಷರದ ಮೇಲೆ ಅಂಟು ಬೆರೆಸಿದ ಬಿಳಿ ಜಿಪ್ಸಮ್ ಪುಡಿಯ ಲೇಪವನ್ನು ತುಸು ಉಬ್ಬುವಂತೆ ಹಚ್ಚಿ, ಅದು ಒಣಗಿದ ಮೇಲೆ ಕೊಳವೆಯ ಮೂಲಕ ಬಾಯಿಯ ಬೆಚ್ಚನೆಯ ಉಸಿರು ಬಿಟ್ಟು, ಆ ತೇವಕ್ಕೆ ಅಂಟು ಜೀವ ಪಡೆದ ಗಳಿಗೆಯಲ್ಲೇ ಚಿನ್ನದ ರೇಕು ಇರಿಸಿ, ನಾಯಿಯ ಕೋರೆಹಲ್ಲಿನಿಂದಲೋ ನುಣುಪಾದ ಕಲ್ಲಿನಿಂದಲೋ ಉಜ್ಜುತ್ತಾರೆ. ಬಣ್ಣದ ಸರದಿ ಇದಾದ ನಂತರವೇ. ಮೊದಲೇ ಬಣ್ಣ ಹಚ್ಚಿದ್ದರೆ ರೇಕು ಅದಕ್ಕೂ ಅಂಟಿಕೊಳ್ಳುತ್ತದೆ, ಉಜ್ಜುವಾಗ ಬಣ್ಣವೂ ಕೆಡುತ್ತದೆ.

ನನ್ನ ತಕರಾರು ನಿರೂಪಣೆಯ ಬಗ್ಗೆ. ಮೊದಲಿನಿಂದ ಕೊನೆಯವರೆಗೂ ಇದು ಸನ್ಯಾಸಿಗಳ, ಅಂದರೆ ಗಂಡಸರ, ಕೆಲಸವೆಂದೇ ಹೇಳಲಾಗಿದೆ. ಜರ್ಮನಿಯ ಡಾಲ್‌ಹೈಮ್‌ನ ಹಳೆಯ ಸನ್ಯಾಸಿನಿಯರ ಮಠದ ಸ್ಮಶಾನದಲ್ಲಿ ದೊರೆತ, ಸುಮಾರು 11–12ನೇ ಶತಮಾನದ ಹೆಂಗಸೊಬ್ಬಳ ಹಲ್ಲಿನ ಕಿಟ್ಟದಲ್ಲಿ ಅರೆದು ನೀಲಿ ಬಣ್ಣ ಮಾಡುತ್ತಿದ್ದ ಲ್ಯಾಪಿಸ್ ಲಾಜುಲಿ ಎಂಬ ಕಲ್ಲಿನ ಕಣಗಳಿದ್ದುದನ್ನು ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಈ ಕಲ್ಲು ಯುರೋಪಿಗೆ ಬರುತ್ತಿದ್ದದ್ದು ದೂರದ ಅಫ್ಘಾನಿಸ್ತಾನದ ಗಣಿಗಳಿಂದ; ಬೆಲೆಯಲ್ಲಿ ಅದು ಚಿನ್ನಕ್ಕೆ ಸರಿಸಾಟಿಯಾಗಿತ್ತು. ಕುಂಚದ ತುದಿಯನ್ನು ಚೂಪಾಗಿಸಲು ಅವಳು ಮತ್ತೆ ಮತ್ತೆ ನಾಲಿಗೆಗೆ ತಾಗಿಸಿಕೊಂಡಿರಬೇಕೆಂಬುದು ಸಂಶೋಧಕರಿಗೆ ಹೆಚ್ಚು ಸಂಭವನೀಯವೆನಿಸಿದ ವಿವರಣೆ. ಕಲ್ಲನ್ನು ಅರೆಯುವಾಗ ಪುಡಿ ಬಾಯಿ ಸೇರಿರುವ ಸಾಧ್ಯತೆಯನ್ನೂ ಅವರು ತಳ್ಳಿಹಾಕಿಲ್ಲ. ಹಾಗಿದ್ದರೂ ಅವಳು ಈ ಕಸುಬಿನವಳೇ ಅಲ್ಲವೇ?

ಹಲ್ಲಿನ ಸಾಕ್ಷ್ಯ ಸಾಲದೆನ್ನುವವರಿಗೆ 12ನೇ ಶತಮಾನದ ಗುಡಾ ಇದ್ದಾಳೆ. ತಾನು ಬರೆದ ಧರ್ಮೋಪದೇಶಗಳ ಸಂಪುಟದ ಒಂದು ದೊಡ್ಡ ಅಕ್ಷರದೊಳಗೆ ಈ ಸನ್ಯಾಸಿನಿ ತನ್ನದೇ ಚಿತ್ರ ಬಿಡಿಸಿ, ಪಾಪಿ ಹೆಂಗಸಾದ ಗುಡಾ ಈ ಪುಸ್ತಕವನ್ನು ಬರೆದು ಚಿತ್ರಿಸಿದಳೆಂದು ಲ್ಯಾಟಿನ್‌ನಲ್ಲಿ ದಾಖಲಿಸಿದ್ದಾಳೆ. ವಿನಯಕ್ಕೆ ಪಾಪಿಯೆಂದು ಕರೆದುಕೊಂಡರೂ ಹೆಸರು ಬಿಟ್ಟುಕೊಟ್ಟಿಲ್ಲ ನೋಡು! ಫ್ರಾಂಕ್‌ಫರ್ಟ್‌ನಲ್ಲಿರುವ ಆ ಹಾಳೆಗೆ ಸಾಕ್ಷ್ಯಚಿತ್ರದಲ್ಲಿ ಅರೆಗಳಿಗೆಯಾದರೂ ಜಾಗ ಸಿಗಬೇಕಿತ್ತು.

ಇನ್ನೊಂದು ವಿಷಯ: ಸಾಕ್ಷ್ಯಚಿತ್ರದಲ್ಲಿ ಬರುವ, ಬುಕ್ ಆಫ್ ಕೆಲ್ಸ್ ಎಂಬ ಐರ್ಲೆಂಡಿನ ಪ್ರಸಿದ್ಧ ಹಸ್ತಪ್ರತಿಯ ನೀಲಿಯೂ ಅಫ್ಘಾನಿಸ್ತಾನದ್ದೆಂದು ಭಾವಿಸಬೇಡ. ಈಚಿನ ಪರೀಕ್ಷೆಗಳಲ್ಲಿ ಅದು ಗಿಡದಿಂದ ತೆಗೆದ ನೀಲಿಯೆಂದು ತಿಳಿದುಬಂದಿದೆ.

ಇಂತಿ,
ನಿನ್ನ ಗೆಳೆಯ